ಗಡಿಪಾರು: ಒಂದು ದಂಡನೀತಿಯ ವಿಮರ್ಶೆ

ಪುಣೆಯಿಂದ ದಕ್ಷಿಣಕ್ಕೆ ಹೊರಟವನು ಕಾತ್ರಜದ ಘಾಟವನ್ನು ದಾಟಿ ನೀರಾ ನದಿಯನ್ನು ತಲಪಿದರೆ ಅಲ್ಲಿಗೆ ಪುಣೆ ಜಿಲ್ಲೆ ಮುಗಿದು ಸಾತಾರಾ ಜಿಲ್ಲೆ ಮೊದಲಾಗುತ್ತದೆ. ಕನ್ನಡಿಗನಿಗೆ ಇದು ಊರ ದಾರಿ; ಜಿಲ್ಲೆಯಿಂದ ಹೊರದೂಡಲ್ಪಟ್ಟವನಿಗೆ ಶಿಕ್ಷೆಯ ಮೇರೆ. ಇಂಥವನನ್ನು ಮರಾಠಿಗರು ‘ತಡೀಪಾರ’ ಎನ್ನುತ್ತಾರೆ. ತಡಿಯ ಆಚೆಗೆ ಹೋದವನೆಂಬ ಈ ಅರ್ಥ ಕನ್ನಡದ ಕಿವಿಗೂ ಹೊಸದಲ್ಲ. ನಮ್ಮ ‘ಗಡಿಪಾರು’ ಗಡಿಯನ್ನು ಹೆಸರಿಸುತ್ತದೆ. ಮನುಷ್ಯನು ಎಲ್ಲಿರಬಾರದೆಂಬುದನ್ನು ಎರಡೂ ಪದಗಳು ಸೂಚಿಸುತ್ತವೆ. ಎಲ್ಲಿ ಬಾಳಬೇಕೆಂಬುದನ್ನು ಸೂಚಿಸುವುದಿಲ್ಲ. ಆ ನೀತಿಯ ದೋಷವೂ ಇಲ್ಲಿಯೇ ಅಡಗಿದೆ.

ಆಂಗ್ಲರ ಆಡಳಿತದಲ್ಲಿ ಈ ನೀತಿಗೆ ಎರಡು ರೂಪಗಳಿದ್ದವು. ಮೊದಲನೆಯದು ಕಡಲಾಚೆಗೆ ಸಾಗಿಸುವುದು. ಅಂದಮಾನದ ಬಂದೀನೆಲೆ 1858ರಲ್ಲಿ ಆರಂಭವಾಯಿತು. 1879ರಲ್ಲಿ ವಿಜಾಪುರ ಜಿಲ್ಲೆಯಲ್ಲಿ ಸೆರೆಸಿಕ್ಕ ವಾಸುದೇವ ಬಳವಂತ ಫಡಕೆಯವರನ್ನು ಪುಣೆಯಲ್ಲಿ ವಿಚಾರಿಸಿ ಏಡನ್ನಿಗೆ ಕಳುಹಿಸಲಾಯಿತು. 1883ರಲ್ಲಿ ಅವರು ಅಲ್ಲಿಯೇ ತೀರಿಕೊಂಡರು. ಈ ಶಿಕ್ಷೆ ಕ್ರೂರವಾದರೂ ಅದಕ್ಕೆ ಮುಂಚೆ ಒಂದು ಆರೋಪ, ಒಂದು ವಿಚಾರಣೆ ಇದ್ದವು.

ಎರಡನೆಯ ರೂಪಕ್ಕೆ ಅಷ್ಟೂ ಬೇಕಾಗಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಕೃತ್ಯವನ್ನು ಬಿಟ್ಟು ಕುಲವನ್ನೇ ಅಪರಾಧಿಯೆಂದಿತು. 1911ರ ಕಾಯಿದೆ ಮುಂಬಯಿ ಪ್ರಾಂತಕ್ಕೂ ಅನ್ವಯಿಸಿತು. ವಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಸೆಟ್ಲಮೆಂಟುಗಳೆದ್ದವು. ಹಾಜರಿ ಕೊಡದೆ, ಪರವಾನಗಿಯಿಲ್ಲದೆ ಹೊರಹೋದರೆ ಅದೇ ಹೊಸ ಅಪರಾಧ. ಒಂದು ರೂಪ ಹೊರದೂಡಿತು, ಇನ್ನೊಂದು ಒಳಗೆ ಕೂಡಿಹಾಕಿತು. ಮೇಲುನೋಟಕ್ಕೆ ಇವು ವಿರುದ್ಧವಾದರೂ ಸಮಾಜದಿಂದ ಬೇರ್ಪಡಿಸುವ ಉದ್ದೇಶ ಒಂದೇ.

ಸೆಟ್ಲಮೆಂಟು ಕೆಲಸವನ್ನೂ ಶಾಲೆಯನ್ನೂ ಕೊಟ್ಟಿತೆಂಬ ಸಮರ್ಥನೆಯುಂಟು. ಸೊಲ್ಲಾಪುರದ ಗಿರಣಿಗಳಲ್ಲಿ ಕೆಲಸ ದೊರೆತದ್ದು ನಿಜ. ಆದರೆ ಮಕ್ಕಳನ್ನು ತಾಯಿತಂದೆಯರಿಂದ ಅಗಲಿಸಿ ಬೇರೆ ಶಾಲೆಯಲ್ಲಿರಿಸುವ ಅಧಿಕಾರವನ್ನೂ ಕಾಯಿದೆ ಸರಕಾರಕ್ಕೆ ಕೊಟ್ಟಿತ್ತು. ಸುಧಾರಣೆಯ ಈ ಬಗೆ ತಾಯಿಯ ಮಡಿಲನ್ನೇ ಅಪರಾಧದ ಮೂಲವೆಂದು ಎಣಿಸಿತು; ಅದನ್ನು ಉಪಕಾರವೆನ್ನಲಾಗದು.

ಈ ಕಾಯಿದೆ 1952ರ ಆಗಸ್ಟ್ 31ರಂದು ರದ್ದಾಯಿತು. ಮುಂಬಯಿಯ 1959ರ ಮತ್ತು ಕರ್ನಾಟಕದ 1961ರ ರೂಢಿಗತ ಅಪರಾಧಿಗಳ ಕಾಯಿದೆಗಳು ಕುಲವನ್ನು ಬಿಟ್ಟು ವ್ಯಕ್ತಿಯ ಹಿಂದಿನ ಶಿಕ್ಷೆಗಳನ್ನು ಆಧಾರವಾಗಿಟ್ಟುಕೊಂಡವು. ಇದು ಮುನ್ನಡೆಯೇ ಸರಿ. ಆದರೂ ಹಳೆಯ ಭಾವನೆ ಅಳಿಯಲಿಲ್ಲ. ಕಾರಾಗೃಹ ನಿಯಮಗಳಲ್ಲಿ ಉಳಿದಿದ್ದ ಜಾತಿಭೇದವನ್ನು ಅಸಿಂಧುಗೊಳಿಸಲು 2024ರ ಅಕ್ಟೋಬರದಲ್ಲಿ ಸರ್ವೋಚ್ಚ ನ್ಯಾಯಾಲಯವೇ ಮುಂದಾಗಬೇಕಾಯಿತು. ಪೊಲೀಸ್ ಕಾಯಿದೆಗಳಲ್ಲಿ ಗಡಿಪಾರು ಇಂದಿಗೂ ಉಳಿದಿದೆ.

‘ರೂಢಿ’ ಎಂಬುದು ಮನುಷ್ಯನ ನಿನ್ನೆಯನ್ನು ನೋಡಿ ನಾಳೆಯನ್ನು ತೀರ್ಮಾನಿಸುವ ಪದ. ನ್ಯಾಯಕ್ಕೆ ಕೃತ್ಯವನ್ನು ದಂಡಿಸುವ ಅಧಿಕಾರವುಂಟು, ನಾಳೆಯನ್ನು ದಂಡಿಸುವ ಅಧಿಕಾರವಿಲ್ಲ. ಗಡಿಪಾರಾದವನು ನೀರೆಯ ಆಚೆಯ ದಡದಲ್ಲಿಯೂ ಉಣ್ಣಬೇಕು, ದುಡಿಯಬೇಕು. ಅವನ ಬಾಳಿಗೆ ಉತ್ತರ ಹೇಳದ ದಂಡನೀತಿ ಅಪರಾಧವನ್ನು ಅಳಿಸುವುದಿಲ್ಲ, ನೆರೆಯ ಜಿಲ್ಲೆಗೆ ಸಾಗಹಾಕುತ್ತದೆ.