ಎಡಗಾಲಿನ ಹದ

ಎಂಜಿನ್ ಚಾಲೂ ಇದೆ. ಎಡಗಾಲು ಕ್ಲಚ್ಚನ್ನು ತಳದವರೆಗೆ ಒತ್ತಿ ಹಿಡಿದಿದೆ, ಗಾಡಿ ಮೊದಲನೇ ಗೇರಿನಲ್ಲಿದೆ. ಪಾದವನ್ನು ಮೆಲ್ಲಗೆ ಎತ್ತುತ್ತಾ ಬರಬೇಕು. ಅರ್ಧ ಇಂಚು, ಏನೂ ಆಗುವುದಿಲ್ಲ. ಇನ್ನೊಂಚೂರು, ಆಗಲೂ ಇಲ್ಲ. ಆಮೇಲೆ ಒಂದು ಕಡೆ ಎಂಜಿನ್ನಿನ ದನಿ ತುಸು ತಗ್ಗುತ್ತದೆ, ಬಾನೆಟ್ಟು ಕಂಡೂ ಕಾಣದಷ್ಟು ಮೂಗೆತ್ತುತ್ತದೆ, ಪೆಡಲಿನಿಂದ ಸಣ್ಣದೊಂದು ನಡುಕ ಹೊರಟು ಅಂಗಾಲಿಗೆ ಬಂದು ಸೇರುತ್ತದೆ. ಗಾಡಿ ಇನ್ನೂ ನಿಂತೇ ಇದೆ. ಆದರೆ ನಿಂತ ಗಾಡಿಯಲ್ಲ ಅದು, ಹೊರಡಲು ಒಪ್ಪಿಕೊಂಡ ಗಾಡಿ.

ಡ್ರೈವಿಂಗ್ ಸ್ಕೂಲಿನವರು ಇದನ್ನು ಹಾಫ್ ಕ್ಲಚ್ ಎನ್ನುತ್ತಾರೆ. ಮೈಸೂರಿನಲ್ಲಿ ಕಾರು ಕಲಿಯಲು ಹೋದಾಗ ನನಗೆ 47 ವರ್ಷ. ಆ ನಡುಕ ಮೊದಲ ಸಲ ಕಾಲಿಗೆ ಸಿಕ್ಕಿದ್ದು ಹತ್ತೊಂಬತ್ತನೇ ದಿನ. ಅದಕ್ಕೆ ಮುಂಚಿನ ಹದಿನೆಂಟು ಬೆಳಗೂ ಗಾಡಿ ಒಂದೋ ಕುಪ್ಪಳಿಸಿ ಆಫ್ ಆಗುತ್ತಿತ್ತು, ಇಲ್ಲವೇ ಬರೀ ಅರಚುತ್ತಾ ನಿಂತಲ್ಲೇ ನಿಂತಿರುತ್ತಿತ್ತು. ಮನೆಗೆ ಬಂದು ಅತ್ತ ದಿನಗಳಿವೆ. ಹಿಂದಿನ ಸೀಟಿನಲ್ಲಿ ಸರದಿ ಕಾಯುತ್ತಿದ್ದ ಹತ್ತೊಂಬತ್ತರ ಹುಡುಗ ಎರಡನೇ ದಿನಕ್ಕೇ ಗಾಡಿ ಎತ್ತಿಕೊಂಡು ಹೋದ. ಅವನ ಮೇಲೆ ನನಗೆ ಹೊಟ್ಟೆಕಿಚ್ಚು ಬರಲಿಲ್ಲ, ಬೆರಗಾಯಿತು. ಅಷ್ಟು ಸುಲಭವಾಗಿ ದಾಟಿಬಿಟ್ಟ ಆ ಜಾಗದಲ್ಲಿ ಏನಿದೆ ಎಂದು ಅವನಿಗೆ ತಿಳಿದಿರಲಾರದು ಅನ್ನಿಸಿತು. ನನಗೆ ಅಲ್ಲಿ ಹದಿನೆಂಟು ದಿನ ನಿಲ್ಲುವ ಅವಕಾಶ ಸಿಕ್ಕಿತ್ತು.

ಒಳಗೆ ನಡೆಯುವುದು ಇಷ್ಟು. ಪೆಟ್ರೋಲ್ ಎಂಜಿನ್ನು ಸೊನ್ನೆಯಿಂದ ತಾನಾಗಿ ಏಳಲಾರದು. ಸ್ಟಾರ್ಟರ್ ಮೋಟಾರು ತಿರುಗಿಸಿ ಎಬ್ಬಿಸಿದ ಮೇಲೆ ಅದು ತಿರುಗುತ್ತಲೇ ಇರಬೇಕು, ನಿಂತರೆ ಸತ್ತಂತೆ. ಚಕ್ರವಾದರೋ ನಿಂತಿದೆ. ಸದಾ ತಿರುಗುವುದನ್ನೂ ನಿಂತಿರುವುದನ್ನೂ ಒಂದು ಮಾಡುವುದು ಹೇಗೆ? ಎಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರದ ಕಬ್ಬಿಣದ ಚಕ್ರ ತಿರುಗುತ್ತಿರುತ್ತದೆ. ಅದಕ್ಕೆ ಎದುರಾಗಿ ಎರಡೂ ಬದಿಗೆ ಒರಟು ಹೊದಿಕೆಯಿರುವ ತೆಳು ತಟ್ಟೆಯೊಂದಿದೆ. ಅದೇ ಕ್ಲಚ್ ಪ್ಲೇಟು. ಅದರ ಬೆನ್ನಿಗೆ ಪ್ರೆಷರ್ ಪ್ಲೇಟು, ಅದನ್ನು ಒತ್ತುವ ಸ್ಪ್ರಿಂಗು. ಪೆಡಲ್ ತುಳಿದರೆ ಸ್ಪ್ರಿಂಗಿನ ಒತ್ತಡ ಸಡಿಲಿ ತಟ್ಟೆ ಬಿಡುಗಡೆಯಾಗುತ್ತದೆ. ಪೂರ್ತಿ ಬಿಟ್ಟರೆ ಎಲ್ಲ ಒಂದಾಗಿ ತಿರುಗುತ್ತದೆ. ಇವೆರಡರ ನಡುವೆ ತಟ್ಟೆ ಜಾರುತ್ತಾ ಹಿಡಿಯುತ್ತದೆ, ಹಿಡಿಯುತ್ತಾ ಜಾರುತ್ತದೆ. ನಿಂತಿರುವ ಚಕ್ರಕ್ಕೆ ತಿರುಗುವ ಎಂಜಿನ್ನಿನ ಸುದ್ದಿ ಆ ಜಾರಿಕೆಯಲ್ಲೇ ಸ್ವಲ್ಪಸ್ವಲ್ಪವಾಗಿ ಮುಟ್ಟುತ್ತದೆ. ನಮ್ಮ ಪಾದ ಅಳೆಯುತ್ತಿರುವುದು ಇದನ್ನೇ: ಒಂದರ ಮೇಲೊಂದು ಉಜ್ಜುವ ಎರಡು ಮೈಗಳ ನಡುವಿನ ಒತ್ತಡವನ್ನು. ಪೆಡಲಿನ ಇಡೀ ಚಲನೆಯಲ್ಲಿ ಆ ಜಾಗ ಹೆಚ್ಚೆಂದರೆ ಹೆಬ್ಬೆರಳಿನ ಉಗುರಿನಷ್ಟು ಅಗಲ.

ನಾನು ಕಲಿತದ್ದು ಮೂರು ಸಿಲಿಂಡರಿನ ಸಣ್ಣ ಕಾರಿನಲ್ಲಿ. 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800ರಿಂದ ಹಿಡಿದು ನಮ್ಮ ಎಷ್ಟೋ ಮನೆಗಳ ಮೊದಲ ಕಾರು ಮೂರು ಸಿಲಿಂಡರಿನದೇ. ಅಂಥ ಎಂಜಿನ್ ನಿಂತಲ್ಲಿ ನಿಮಿಷಕ್ಕೆ 900 ಸುತ್ತು ತಿರುಗಿದರೆ, ಪ್ರತಿ ಎರಡು ಸುತ್ತಿಗೆ ಮೂರು ಸಲ ಕಿಡಿ ಹೊತ್ತುವುದರಿಂದ, ಸೆಕೆಂಡಿಗೆ 22 ಅಥವಾ 23 ಬಡಿತ. ಮನುಷ್ಯನ ಕಿವಿಗೆ ದನಿಯಾಗಿ ಕೇಳಿಸುವ ಕೆಳ ಅಂಚು ಸುಮಾರು 20. ಕ್ಲಚ್ ಹಿಡಿದ ಕ್ಷಣ ಎಂಜಿನ್ನಿನ ಮೇಲೆ ಭಾರ ಬಿದ್ದು ಸುತ್ತು 750ರ ಹತ್ತಿರಕ್ಕೆ ಇಳಿದರೆ ಬಡಿತ 19ಕ್ಕೂ ಕೆಳಗೆ ಹೋಗುತ್ತದೆ. ಅಂದರೆ ಆ ಮೂಲ ಬಡಿತ ಕಿವಿಯ ಅಂಗಳ ದಾಟಿ ಮೈಯ ಅಂಗಳಕ್ಕೆ ಬಂದುಬಿಡುತ್ತದೆ. ಒಂದು ಸಂಜೆ ಕಾಗದದ ಮೇಲೆ ಈ ಲೆಕ್ಕ ಹಾಕಿದಾಗ ನನಗೆ ಆದ ಸಂತೋಷ ಇಷ್ಟೆಂದು ಹೇಳಲಾರೆ. ಹದಿನೆಂಟು ದಿನ ನಾನು ಕಿವಿಯಿಂದ ಹುಡುಕುತ್ತಿದ್ದದ್ದು ಕಾಲಿನ ಪಾಲಿಗೆ ಸೇರಿದ್ದಾಗಿತ್ತು.

ಇದಕ್ಕೆ ನಮ್ಮಲ್ಲಿ ಮೊದಲಿನಿಂದಲೂ ಒಂದು ಮಾತಿದೆ: ಹದ. ಹಾಫ್ ಕ್ಲಚ್ ಎಂದಾಗ ಯಾವುದೋ ಅರೆಬರೆ ಕೆಲಸದಂತೆ ಕೇಳುತ್ತದೆ. ಹದ ಎಂದರೆ ಹಾಗಲ್ಲ. ಅಮ್ಮ ಮೈಸೂರು ಪಾಕಿಗೆ ಸಕ್ಕರೆ ಕುದಿಸುವಾಗ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ತೊಟ್ಟು ಹಿಡಿದು ಬೆರಳನ್ನು ಬಿಡಿಸುತ್ತಿದ್ದಳು. ನಡುವೆ ಒಂದೆಳೆ ನಿಂತರೆ ಕಡಲೆಹಿಟ್ಟು ಸುರಿಯುವ ಹೊತ್ತು. ಮೀರಿದರೆ ಕಲ್ಲು, ಮೊದಲಾದರೆ ಅಂಟು. ಅಪ್ಪ ಮಳೆ ಬಿದ್ದ ಮಾರನೇ ದಿನ ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ ಉಂಡೆ ಮಾಡಿ, ಎದೆಮಟ್ಟದಿಂದ ಕೆಳಕ್ಕೆ ಬಿಡುತ್ತಿದ್ದ. ಉಂಡೆ ಬಿದ್ದು ಉದುರಾಗಿ ಒಡೆದರೆ ಹದ ಬಂದಿದೆ. ಅಪ್ಪಚ್ಚಿಯಾಗಿ ಮೆತ್ತಿಕೊಂಡರೆ ಇನ್ನೂ ಎರಡು ದಿನ ಬಿಸಿಲು ಕಾಣಬೇಕು. ಹದ ನೋಡಿ ಹರಗು, ಬೆದೆ ನೋಡಿ ಬಿತ್ತು ಎನ್ನುವ ಮನೆಯಲ್ಲಿ ಬೆಳೆದವಳು ನಾನು. ಬೆರಳಿಗೂ ಅಂಗೈಗೂ ಗೊತ್ತಿದ್ದ ಸಂಗತಿ, ಅಂಗಾಲಿಗೆ ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಹೇಳಿಕೊಡಲು ಬರುವುದೂ ಇಲ್ಲ. ದೊಡ್ಡವರಾದ ಮೇಲೆ ಕಲಿಯುವ ಕಷ್ಟ ಇಲ್ಲಿಯೇ ಇರುವುದು ಎಂದು ನನಗೆ ಅನ್ನಿಸುತ್ತದೆ. ಇಪ್ಪತ್ತು ಮೂವತ್ತು ವರ್ಷ ಮಾತಿನಿಂದ, ಕಾಗದದಿಂದ, ಲೆಕ್ಕದಿಂದ ಬದುಕು ನಡೆಸಿದವರು ಮೊದಲು ತಲೆಗೆ ಅರ್ಥವಾಗಲಿ, ಕಾಲು ಆಮೇಲೆ ಮಾಡಲಿ ಎಂದು ಹಟ ಹಿಡಿಯುತ್ತೇವೆ. ಎಷ್ಟು ಎತ್ತಬೇಕು ಸಾರ್, ಎಷ್ಟು ಇಂಚು ಎಂದು ನಾನು ಕೇಳುತ್ತಿದ್ದೆ. ಕಲಿಸುತ್ತಿದ್ದವರು ಇಪ್ಪತ್ತು ವರ್ಷದ ಅನುಭವಸ್ಥರು, ಅವರ ಕಾಲ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. "ಇಂಚಿನ ಲೆಕ್ಕ ಇಲ್ಲ ಮೇಡಂ, ಗಾಡಿನೇ ಹೇಳುತ್ತೆ" ಎಂದಷ್ಟೇ ಅನ್ನುತ್ತಿದ್ದರು. ಆಗ ಅದು ಉತ್ತರವೇ ಅಲ್ಲ ಎಂದು ಸಿಟ್ಟು ಬರುತ್ತಿತ್ತು. ಸಾಲದ್ದಕ್ಕೆ ನಮಗೆ ಭಯ ಗೊತ್ತು. ಅಪಘಾತದ ಸುದ್ದಿ ಓದಿದ್ದೇವೆ, ಆಸ್ಪತ್ರೆಯ ಮುಂದೆ ಕಾದಿದ್ದೇವೆ, ನಮ್ಮನ್ನು ನಂಬಿಕೊಂಡವರು ಮನೆಯಲ್ಲಿದ್ದಾರೆ. ಆ ಭಯ ಹಿಮ್ಮಡಿಗೆ ಇಳಿದು ಕಾಲನ್ನು ಮರಗಟ್ಟಿಸುತ್ತದೆ.

ಹತ್ತೊಂಬತ್ತನೇ ಬೆಳಗ್ಗೆ ಅವರು ನನ್ನ ದಪ್ಪ ಅಟ್ಟೆಯ ಶೂ ನೋಡಿ, "ಇವತ್ತು ಅದನ್ನ ಬಿಚ್ಚಿಟ್ಟು ಕೂತ್ಕೊಳಿ ಮೇಡಂ" ಎಂದರು. ಬರಿಗಾಲು. ಹಿಮ್ಮಡಿಯನ್ನು ನೆಲದ ಮ್ಯಾಟಿನ ಮೇಲೆ ಊರಿ, ಅದನ್ನು ಎತ್ತದೆ, ಪಾದದ ಮುಂಭಾಗವನ್ನಷ್ಟೇ ಬಾಗಿಸಿ ಬಿಡಲು ಹೇಳಿದರು. ಅಲ್ಲಿಯವರೆಗೆ ನಾನು ಇಡೀ ಕಾಲನ್ನು ಗಾಳಿಯಲ್ಲಿ ತೊಡೆಯ ಬಲದಿಂದ ಎತ್ತುತ್ತಿದ್ದೆ. ತೊಡೆ ದೊಡ್ಡ ಕೆಲಸದ ಆಳು, ಅದಕ್ಕೆ ನಯ ಬಾರದು. ಹಿಮ್ಮಡಿ ಊರಿದ ಮೇಲೆ ಕೆಲಸ ಕಣಕಾಲಿಗೆ ಬಂತು. ಪೆಡಲಿನ ರಬ್ಬರಿನ ಗೀರುಗಳು ಅಂಗಾಲಿಗೆ ಒಂದೊಂದಾಗಿ ತಿಳಿದವು, ಬೆಳಗಿನ ತಣುಪು ತಿಳಿಯಿತು. ಆಮೇಲೆ ಆ ನಡುಕ ಬಂತು. ಬೆಕ್ಕಿನ ಮರಿಯ ಹೊಟ್ಟೆಯ ಮೇಲೆ ಕೈಯಿಟ್ಟರೆ ಗುರುಗುರು ತಿಳಿಯುತ್ತದಲ್ಲ, ಹಾಗೆ. "ಅಲ್ಲೇ ಇರಿ" ಎಂದರು ಅವರು. ನಾನು ಅಲ್ಲೇ ಇದ್ದೆ. ಚಾಮುಂಡಿ ಬೆಟ್ಟದ ತಲೆಯ ಮೇಲೆ ಇನ್ನೂ ಮಂಜಿತ್ತು. ಗಾಡಿ ಯಾರೂ ತಳ್ಳದೆ, ಆಕ್ಸಿಲರೇಟರ್ ಕೂಡ ತುಳಿಯದೆ, ಬೆಳಗಿನ ರಸ್ತೆಯ ಮೇಲೆ ಹರಿಯಲಾರಂಭಿಸಿತು. ಹರಿಯಿತು ಎಂಬುದೇ ಸರಿಯಾದ ಮಾತು.

ಈ ಸುಖಕ್ಕೆ ಒಂದು ಖರ್ಚಿದೆ, ಅದನ್ನೂ ಹೇಳಬೇಕು. ಹದದಲ್ಲಿ ನಿಂತಷ್ಟು ಹೊತ್ತೂ ತಟ್ಟೆ ಉಜ್ಜಿ ಸವೆಯುತ್ತದೆ, ಕಾಯುತ್ತದೆ, ಹೆಚ್ಚು ಹೊತ್ತಾದರೆ ಸುಟ್ಟ ವಾಸನೆ ಬರುತ್ತದೆ. ಒಮ್ಮೆ ಸಿಕ್ಕ ಮೇಲೆ ನಾನು ಅದನ್ನು ಮತ್ತೆ ಮತ್ತೆ ಸವಿಯಲು ಹೊರಟೆ. ಅವರು ತಡೆದರು: "ಅಲ್ಲೇ ನಿಂತ್ಕೋಬೇಡಿ, ಪ್ಲೇಟ್ ಹೋಗುತ್ತೆ. ಹಿಡೀತಾ ಇದ್ದ ಹಾಗೆ ಬಿಟ್ಬಿಡಿ." ಆ ಸವಿ ಇರುವುದೇ ಎರಡು ಸೆಕೆಂಡು. ಹೆಚ್ಚು ಬೇಕೆಂದವರಿಗೆ ಗಾಡಿಯನ್ನು ಮತ್ತೆ ನಿಲ್ಲಿಸಿ ಮತ್ತೆ ಹೊರಡುವುದೊಂದೇ ದಾರಿ. ಮೈಸೂರಿನ ಸಿಗ್ನಲ್ಲುಗಳು ನನಗೆ ಬೇಸರ ತರದಿರಲು ಇದೇ ಕಾರಣ.

ಆ ದಿನಗಳಲ್ಲಿ ಬರ್ತಾ ಬೆಂಜ್ ನನಗೆ ತುಂಬ ಹತ್ತಿರದವಳಾದಳು. 1888ರ ಆಗಸ್ಟಿನಲ್ಲಿ, ತನ್ನ 39ನೇ ವಯಸ್ಸಿನಲ್ಲಿ, ಹದಿಹರೆಯದ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡ ಕಾರ್ಲ್ ಬೆಂಜ್ ಕಟ್ಟಿದ್ದ ಮೂರು ಚಕ್ರದ ಗಾಡಿಯಲ್ಲಿ ಅವಳು ಜರ್ಮನಿಯ ಮಾನ್‌ಹೈಮ್‌ನಿಂದ ತನ್ನ ತವರು ಫೋರ್ಟ್ಸ್‌ಹೈಮ್‌ಗೆ ಹೊರಟಳು. ಗಂಡನಿಗೆ ಹೇಳಿರಲಿಲ್ಲ. ದಾರಿ ನೂರು ಕಿಲೋಮೀಟರಿಗೂ ಹೆಚ್ಚು. ಮೋಟಾರು ಗಾಡಿಯಲ್ಲಿ ಅಷ್ಟು ದೂರ ಅದಕ್ಕೆ ಮುಂಚೆ ಯಾರೂ ಹೋಗಿರಲಿಲ್ಲ. ಇಂಧನ ಮುಗಿದಾಗ ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಕೊಂಡಳು. ಏರು ಬಂದಾಗ ಮಕ್ಕಳು ಇಳಿದು ತಳ್ಳಬೇಕಾಯಿತು. ಇಳಿಜಾರಿನಲ್ಲಿ ಬ್ರೇಕಿನ ಮರ ಸವೆದು ಹೋದಾಗ ದಾರಿಯ ಚಮ್ಮಾರನೊಬ್ಬನಿಂದ ಅದಕ್ಕೆ ತೊಗಲು ಹೊಡೆಸಿದಳು. ಈ ತೊಗಲಿನ ಪ್ರಸಂಗದ ಹತ್ತಿರ ನಾನು ಓದುವುದನ್ನು ನಿಲ್ಲಿಸಿ ಕೂತಿದ್ದೆ. ಯಾವುದು ಯಾವುದಕ್ಕೆ ಉಜ್ಜಿದರೆ ಎಷ್ಟು ಹಿಡಿತ ಸಿಗುತ್ತದೆ ಎಂಬುದು ಅವಳಿಗೆ ಕೈಯಲ್ಲೇ ಗೊತ್ತಿತ್ತು. ಮನೆಗೆ ಬಂದು ಏರಿಗೆ ಇನ್ನೊಂದು ಗೇರು ಬೇಕು ಎಂದು ಗಂಡನಿಗೆ ಹೇಳಿದವಳೂ ಅವಳೇ. ಗಾಡಿ ಕಟ್ಟಿದವನಿಗೆ ತಿಳಿಯದ್ದನ್ನು ಗಾಡಿ ಅವಳಿಗೆ ಹೇಳಿತ್ತು.

ಸ್ಟೇರಿಂಗಿನ ಸೊಗಸು ಬೇರೆ. ತಿರುವು ಮುಗಿದ ಮೇಲೆ ಹಿಡಿತ ಸಡಿಲಿಸಿದರೆ ಅದು ಅಂಗೈಗಳ ನಡುವೆ ಜಾರುತ್ತಾ ತಾನಾಗಿ ನೇರಕ್ಕೆ ಮರಳುತ್ತದೆ. ಮುಂದಿನ ಚಕ್ರ ತಿರುಗುವ ಅಚ್ಚನ್ನು ತುಸು ಹಿಂದಕ್ಕೆ ವಾಲಿಸಿ ಕೂರಿಸಿರುವುದರಿಂದ ಹೀಗೆ. ಹೊಸಬರು ತಿರುಗಿಸಿದಷ್ಟನ್ನೂ ತಾವೇ ವಾಪಸು ತಿರುಗಿಸಲು ಹೆಣಗುತ್ತೇವೆ. ಗೇರಿನ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ಅದು ಬೇಗ ಬಂತು.

ಕಡೆಯ ಪಾಠಗಳು ಬೆಟ್ಟದ ರಸ್ತೆಯಲ್ಲಿ. ಏರಿನ ನಡುವೆ ನಿಲ್ಲಿಸಲು ಹೇಳಿ ಹ್ಯಾಂಡ್‌ಬ್ರೇಕ್ ಹಾಕಿಸಿದರು. ಹಿಂದೆ ಬಸ್ಸು. ಹ್ಯಾಂಡ್‌ಬ್ರೇಕ್ ಬಿಟ್ಟ ಕ್ಷಣದಿಂದ ಇಡೀ ಗಾಡಿಯ ಭಾರವನ್ನು ತೂಗಿ ಹಿಡಿಯುವುದು ಆ ಉಗುರಗಲದ ಜಾಗವೇ. ಕ್ಲಚ್ಚನ್ನು ಹದಕ್ಕೆ ತಂದೆ, ಚೂರು ಆಕ್ಸಿಲರೇಟರ್ ಕೊಟ್ಟೆ, ಬಾನೆಟ್ ಮೂಗೆತ್ತಿತು, ಹ್ಯಾಂಡ್‌ಬ್ರೇಕ್ ಬಿಟ್ಟೆ. ಗಾಡಿ ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಬೆಟ್ಟದ ಸೆಳೆತವೂ ಎಂಜಿನ್ನಿನ ಬಲವೂ ಸಮಸಮ ನಿಂತವು. ತಕ್ಕಡಿಯ ಮುಳ್ಳು ನಡುವೆ ನಿಲ್ಲುತ್ತದಲ್ಲ, ಅಂಥ ನಿಲುವು. ಕಲಿಕೆಯ ಲೈಸೆನ್ಸಿನ ಮೇಲೆ ಮೂವತ್ತು ದಿನ ಕಳೆದ ನಂತರ ಪರೀಕ್ಷೆ ಕೊಟ್ಟೆ. ಎಂಟು ಹಾಕಿದೆ, ರಿವರ್ಸ್ ತೆಗೆದೆ, ಏರಿನಲ್ಲಿ ನಿಲ್ಲಿಸಿ ಎತ್ತಿದೆ. ಮೊದಲ ಸಲ ಫೇಲಾಯಿತು, ಎರಡನೇ ಸಲ ಪಾಸಾಯಿತು.

ಕ್ಲಚ್ ಪೆಡಲೇ ಇಲ್ಲದ ಕಾರುಗಳು ಈಗ ರಸ್ತೆ ತುಂಬ. ವಿದ್ಯುತ್ತಿನ ಮೋಟಾರು ಸೊನ್ನೆ ಸುತ್ತಿನಿಂದಲೇ ಪೂರ್ತಿ ಬಲ ಕೊಡುತ್ತದೆ, ಅದಕ್ಕೆ ಈ ಮಧ್ಯಸ್ಥಿಕೆ ಬೇಕಿಲ್ಲ. ಮಂಡಿ ನೋವಿನವರಿಗೆ, ದಿನವೂ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ತೆವಳುವವರಿಗೆ ಅದೇ ಒಳ್ಳೆಯದು, ಅವರು ಅದನ್ನೇ ಕೊಳ್ಳಲಿ. ನಾನು ಕ್ಲಚ್ಚಿನ ಹಳೆಯ ಸಣ್ಣ ಕಾರನ್ನೇ ಕೊಂಡೆ.

ಅದರಲ್ಲಿ ಮೊದಲು ಹೋದದ್ದು ಪಾಂಡವಪುರದ ಕಡೆಯ ನಮ್ಮೂರಿಗೆ. ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಅವನು ಯಾವತ್ತೂ ಯಾವ ಗಾಡಿಯನ್ನೂ ಓಡಿಸಿದವನಲ್ಲ, ಎತ್ತಿನದೊಂದನ್ನು ಬಿಟ್ಟರೆ. ಹೊಲ ನೋಡಬೇಕು ಎಂದ. ಹೋಗಿ ಬರುವಾಗ ಕೆರೆಯ ಏರಿ ಹತ್ತುವ ಮಣ್ಣುದಾರಿಯ ನಡುವೆ ಕುರಿಮಂದೆ ಅಡ್ಡ ಬಂತು, ನಿಲ್ಲಿಸಿದೆ. ಮಂದೆ ದಾಟಲು ಬಹಳ ಹೊತ್ತು ಹಿಡಿಯಿತು. ನಾನು ಚಪ್ಪಲಿ ಬಿಟ್ಟು ಹಿಮ್ಮಡಿ ಊರಿದೆ. ಅಪ್ಪ ಪಕ್ಕದ ಸೀಟಿನಲ್ಲಿ ಬೆಲ್ಟಿನೊಳಗೆ ಬಿಗಿಯಾಗಿ ಕೂತು ನನ್ನ ಎಡಗಾಲನ್ನೇ ನೋಡುತ್ತಿದ್ದ. ಮೇಳಿಯನ್ನು ಹೆಚ್ಚು ಅದುಮಿದರೆ ನೇಗಿಲು ಆಳಕ್ಕೆ ಹೂತು ಎತ್ತು ನಿಂತುಬಿಡುತ್ತದೆ, ಸಡಿಲ ಬಿಟ್ಟರೆ ಕುಳ ಮಣ್ಣಿನ ಮೇಲೆ ಜಾರುತ್ತದೆ ಎಂದು ಚಿಕ್ಕಂದಿನಲ್ಲಿ ಅವನೇ ತೋರಿಸಿದ್ದ. ನನ್ನ ಕೈಯನ್ನು ಮೇಳಿಯ ಮೇಲಿಟ್ಟು ಅದರ ಮೇಲೆ ತನ್ನ ಕೈಯಿಟ್ಟು ಒಂದು ಸಾಲು ಹೊಡೆಸಿದ್ದ. ಕಡೆಯ ಕುರಿ ದಾಟಿತು. ಕ್ಲಚ್ಚನ್ನು ಮೆಲ್ಲಗೆ ಎತ್ತುತ್ತಾ ಬಂದೆ. ದನಿ ತಗ್ಗಿತು, ನಡುಕ ಪೆಡಲಿನಿಂದ ನೆಲಕ್ಕೆ, ನೆಲದಿಂದ ಸೀಟಿಗೆ ಹಬ್ಬಿತು. ನಾನಿನ್ನೂ ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಡುವ ಮೊದಲೇ ಅಪ್ಪ ಅಂದ:

"ಹ್ಞಾ, ಈಗ ಹಿಡ್ಕತು ಕಣವ್ವ. ಬುಡು."