ಹುಣಸೆಬೀಜದ ಲೆಕ್ಕ

ಗಣಿತದ ಮೇಷ್ಟ್ರು ರಜೆ ಹಾಕಿದ ದಿನ ಅವರ ಪೀರಿಯಡ್ಡು ನನ್ನ ತಲೆಗೆ ಬರುತ್ತಿತ್ತು. ನಾನು ಬಿ.ಎ., ಬಿ.ಎಡ್. ಮಾಡಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಬೀಜಗಣಿತಕ್ಕೆ ಕೈಹಾಕಿದರೆ ಮಕ್ಕಳೇ ನನ್ನನ್ನು ತಿದ್ದುತ್ತಿದ್ದರು. ಅಂಥ ದಿನಗಳಿಗೆಂದೇ ನನ್ನ ಬೀರುವಿನಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ ತುಂಬ ಹುಣಸೆಬೀಜ ಇಟ್ಟುಕೊಂಡಿದ್ದೆ, ಒಂದು ಮಗ್ಗುಲನ್ನು ನೆಲಕ್ಕೆ ಉಜ್ಜಿ ಬೆಳ್ಳಗೆ ಮಾಡಿದ ಬೀಜಗಳು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಐದೈದಲ ಇಪ್ಪತ್ತೈದು ಮನೆ ಬರೆದು, ನಾಲ್ಕು ನಾಲ್ಕು ಮಕ್ಕಳನ್ನು ಕೂರಿಸಿ ಚೌಕಾಬಾರ ಆಡಿಸಿಬಿಡುತ್ತಿದ್ದೆ. ಹೆಡ್‌ಮಿಸ್ ಬಂದರೆ 'ನಮ್ಮ ಸಂಸ್ಕೃತಿ' ಎಂದು ಹೇಳುವುದಕ್ಕೆ ಒಂದು ವಾಕ್ಯ ಸಿದ್ಧವಾಗಿಯೇ ಇರುತ್ತಿತ್ತು.

2007ರಲ್ಲಿರಬೇಕು, ಬನಶಂಕರಿ ಎರಡನೇ ಹಂತದ ನಮ್ಮ ಶಾಲೆಯಲ್ಲಿ ಹೀಗೆ ಆಡಿಸುತ್ತಿದ್ದಾಗ ಒಬ್ಬ ಹುಡುಗ ಮಾತ್ರ ಆಡದೆ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಏನೋ ಗೀಚುತ್ತ ಕೂತಿದ್ದ. ಗದರಿಸೋಣವೆಂದು ಹೋದೆ. "ಮಿಸ್, ನಾಲ್ಕು ಬೀಜ ಹದಿನಾರು ಥರ ಬೀಳತ್ತೆ. ಅದರಲ್ಲಿ ಆರು ಥರ ಎರಡು ಬೀಳತ್ತೆ. ಚೌಕ ಬೀಳೋದು ಒಂದೇ ಥರ, ಬಾರಾನೂ ಒಂದೇ ಥರ. ಅದಕ್ಕೇ ಅವೆರಡು ಬಿದ್ರೆ ಇನ್ನೊಂದು ಸಲ ಹಾಕಕ್ಕೆ ಬಿಡ್ತಾರೆ ಅನ್ಸತ್ತೆ" ಎಂದ. ಬುದ್ಧಿ ಬಂದಾಗಿನಿಂದ ಅಜ್ಜಿಯ ಜೊತೆ ಜಗಲಿಯ ಮೇಲೆ ಚೌಕಾಬಾರ ಆಡಿದವಳು ನಾನು. ಆ ಆಟದ ಹೊಟ್ಟೆಯೊಳಗೆ ಹೀಗೊಂದು ಲೆಕ್ಕ ಕೂತಿದೆಯೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಆ ಹುಡುಗನಿಗೀಗ ಮೂವತ್ತು ದಾಟಿದೆ. ಜೆ.ಪಿ. ನಗರದಲ್ಲಿ ಮಹಡಿಯ ಮೇಲಿನ ಒಂಟಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು, ಒಬ್ಬನೇ ಕೂತು ಕಂಪ್ಯೂಟರಿನ ಆಟ ಕಟ್ಟುತ್ತಾನೆ. ಸಂಬಳವಿಲ್ಲ, ಮೇಲಧಿಕಾರಿಯಿಲ್ಲ, ಮದುವೆಯೂ ಆಗಿಲ್ಲ. ಕೊನೆಯದು ಅವರಮ್ಮನ ದೊಡ್ಡ ಚಿಂತೆ. ಅವರು ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹತ್ತಿರ ಸಿಕ್ಕಿದಾಗಲೆಲ್ಲ, "ನಿಮ್ಮ ಮಾತಾದರೆ ಕೇಳ್ತಾನೆ, ಒಂದು ಸಲ ಬುದ್ಧಿ ಹೇಳಿ ಮೇಡಂ" ಎನ್ನುತ್ತಿದ್ದರು. ಬುದ್ಧಿ ಹೇಳಲೆಂದೇ ಹೋದೆ. ಬರುವಾಗ ನನ್ನ ಚೀಲದಲ್ಲಿ ಅವನ ಹಳೆಯ ಲ್ಯಾಪ್‌ಟಾಪ್ ಇತ್ತು.

ಅವನಿಗೊಬ್ಬ ಗುರು, ಅಮೆರಿಕದ ಜೊನಾಥನ್ ಬ್ಲೋ. ದೊಡ್ಡ ಕಂಪನಿಗಳ ಹಂಗಿಲ್ಲದೆ ಸ್ವಂತ ದುಡ್ಡು ಹಾಕಿ ಆಟ ಮಾಡುವವನು. 2008ರಲ್ಲಿ 'ಬ್ರೇಡ್' ಎಂಬ ಆಟ ಮಾಡಿ ಹೆಸರು ಪಡೆದ. ಅದರಿಂದ ಬಂದ ಹಣವನ್ನು 'ದ ವಿಟ್ನೆಸ್' ಎಂಬ ಇನ್ನೊಂದು ಆಟಕ್ಕೆ ಸುರಿದು 2016ರಲ್ಲಿ ಹೊರತಂದ. ಇವೆರಡನ್ನೂ ಆಡಿ, 2019ರಲ್ಲಿ ಆತ ಮಾಸ್ಕೋದಲ್ಲಿ ಕೊಟ್ಟ ಉಪನ್ಯಾಸವನ್ನೂ ಕೇಳಿ, ಆಮೇಲೆ ಬೈಯಿರಿ ಎಂದು ಹುಡುಗ ಕರಾರು ಹಾಕಿದ. ಬೇಸಿಗೆ ರಜೆ ಪೂರ್ತಿ ಅದಕ್ಕೇ ಹೋಯಿತು. ಮಾವಿನಮಿಡಿ ಉಪ್ಪಿನಕಾಯಿ ಆ ವರ್ಷ ಹಾಕಲಾಗಲಿಲ್ಲ.

'ಬ್ರೇಡ್'ನಲ್ಲಿ ಕಾಲವನ್ನು ಹಿಂದಕ್ಕೆ ಓಡಿಸಬಹುದು. ಬಿದ್ದರೆ ಬಿದ್ದದ್ದನ್ನು ಅಳಿಸಬಹುದು, ಸತ್ತರೆ ಸತ್ತದ್ದನ್ನು ಹಿಂತೆಗೆದುಕೊಳ್ಳಬಹುದು. ಹಾಗೆ ಹಿಂದೆ ಮುಂದೆ ಓಡಾಡುವುದರಿಂದಲೇ ಬಿಡಿಸಬೇಕಾದ ಒಗಟುಗಳು ಅದರಲ್ಲಿವೆ. ನನ್ನ ಬೆರಳಿಗೆ ಆ ವೇಗ ಒಗ್ಗಲಿಲ್ಲ, ಅರ್ಧಕ್ಕೆ ಬಿಟ್ಟೆ. 'ದ ವಿಟ್ನೆಸ್' ಮಾತ್ರ ನನ್ನನ್ನು ಹಿಡಿದು ಕೂರಿಸಿತು. ಅದೊಂದು ನಿರ್ಜನ ದ್ವೀಪ. ಅಲ್ಲಲ್ಲಿ ಹಲಗೆಗಳು, ಹಲಗೆಯ ಮೇಲೆ ಚೌಕಳಿ, ಅದರೊಳಗೆ ಗೆರೆಯೆಳೆದು ದಾರಿ ಹುಡುಕಬೇಕು. ಅಂಥವು ಐನೂರಕ್ಕೂ ಹೆಚ್ಚಿವೆ. ಹೇಗೆ ಬಿಡಿಸಬೇಕೆಂದು ಎಲ್ಲಿಯೂ ಒಂದು ಅಕ್ಷರ ಬರೆದಿಲ್ಲ. ಮೊದಲ ಹಲಗೆಯಲ್ಲಿ ನೇರ ಗೆರೆ, ಎರಡನೆಯದರಲ್ಲಿ ಒಂದು ತಿರುವು, ಮೂರನೆಯದರಲ್ಲಿ ಇನ್ನೇನೋ ಒಂದು ಚುಕ್ಕೆ. ತಪ್ಪು ಮಾಡಿ ಮಾಡಿಯೇ ನಿಯಮ ಏನೆಂದು ನಮಗೆ ನಾವೇ ಹೇಳಿಕೊಳ್ಳಬೇಕು. ಬಿ.ಎಡ್.ನಲ್ಲಿ 'ತಿಳಿದುದರಿಂದ ತಿಳಿಯದುದರ ಕಡೆಗೆ' ಎಂದು ಉರು ಹೊಡೆದು ಬರೆದಿದ್ದೆವಲ್ಲ, ಅದನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಪಠ್ಯಪುಸ್ತಕವನ್ನು ನನ್ನ ಸೇವೆಯಲ್ಲಿ ನಾನು ಕಂಡಿಲ್ಲ.

ಆದರೆ ಆ ದ್ವೀಪದಲ್ಲಿ ಮನುಷ್ಯರಿಲ್ಲ. ಕಾಡಿನ ಭಾಗದಲ್ಲಿ ಹಕ್ಕಿಯ ಕೂಗಿನ ಏರಿಳಿತ ಕೇಳಿ ಗೆರೆಯೆಳೆಯಬೇಕಾದ ಹಲಗೆಗಳಿವೆ. ನನ್ನ ತರಗತಿಯ ಎರಡನೇ ಬೆಂಚಿನಲ್ಲಿ ಕಿವಿ ಕೇಳದ ಹುಡುಗಿಯೊಬ್ಬಳು ಕೂರುತ್ತಾಳೆ. ಅವಳು ಆ ಹಲಗೆಯ ಮುಂದೆ ಎಷ್ಟು ಹೊತ್ತು ನಿಂತರೂ ಏನೂ ಆಗದು, ಪಕ್ಕದಲ್ಲಿ ಕೈಸನ್ನೆ ಮಾಡಿ ಹೇಳಲು ಗೆಳತಿಯೂ ಇಲ್ಲ. ಹುಡುಗನಿಗೆ ಇದನ್ನು ಹೇಳಿದೆ. "ಅವನು ಎಲ್ಲರಿಗೋಸ್ಕರ ಮಾಡಲ್ಲ ಮಿಸ್" ಎಂದ, ಹೆಮ್ಮೆಯಿಂದಲೇ. ಆ ಹೆಮ್ಮೆ ನನಗೆ ಹಿಡಿಸಲಿಲ್ಲ. ಸರ್ಕಾರಿ ಸಂಬಳ ತಿನ್ನುವ ಮೇಷ್ಟರೊಬ್ಬರು ಹೀಗೆ ಹೇಳಿದ್ದರೆ ನೋಟೀಸು ಬರುತ್ತಿತ್ತು.

ಇನ್ನು ಆ ಉಪನ್ಯಾಸ. ನಾಗರಿಕತೆ ಕುಸಿಯದಂತೆ ತಡೆಯುವುದು ಹೇಗೆ ಎಂಬುದು ಅದರ ವಿಷಯ. ಇದೇನಪ್ಪ ಆಟದವನ ಬಾಯಲ್ಲಿ ಇಷ್ಟು ದೊಡ್ಡ ಮಾತು ಎನ್ನಿಸಿತು. ರೋಮನ್ನರು ಸಾವಿರದ ಆರುನೂರು ವರ್ಷದ ಹಿಂದೆ ಮಾಡಿದ ಗಾಜಿನ ಬಟ್ಟಲೊಂದಿದೆಯಂತೆ. ಹೊರಗಿನಿಂದ ಬೆಳಕು ಬಿದ್ದರೆ ಹಸಿರು, ಒಳಗಿನಿಂದ ಹಾಯ್ದರೆ ಕೆಂಪು. ಆ ವಿದ್ಯೆ ಯಾರದೋ ಕೈಯಲ್ಲಿತ್ತು, ಮುಂದಿನ ಕೈಗೆ ದಾಟಲಿಲ್ಲ, ಹೋಯಿತು. ತಂತ್ರಜ್ಞಾನ ತಾನಾಗಿ ಮುಂದೆ ಹೋಗುವುದಿಲ್ಲ, ಬಿಟ್ಟರೆ ಹಿಂದಕ್ಕೇ ಜಾರುತ್ತದೆ, ಯಂತ್ರಗಳು ಚುರುಕಾಗುತ್ತಿರುವುದರಿಂದ ಪ್ರೋಗ್ರಾಮುಗಳು ಕೆಡುತ್ತಿರುವುದು ನಮಗೆ ಕಾಣುತ್ತಿಲ್ಲ ಎಂಬುದು ಆತನ ವಾದ. ಇದೇ ಸಿಟ್ಟಿನಲ್ಲಿ 2014ರಿಂದ ಪ್ರೋಗ್ರಾಮ್ ಬರೆಯಲು ತನ್ನದೇ ಒಂದು ಭಾಷೆಯನ್ನು ಕಟ್ಟಲು ಕೂತ. ಭಾಷೆಯನ್ನು ಹೀಗೆ ಒಬ್ಬರೇ ಕೂತು ಮಾಡಬಹುದು ಎಂಬುದು ಕನ್ನಡದವಳಾದ ನನಗೆ ಸ್ವಲ್ಪ ನಗು ತರಿಸಿತು.

ಆದರೆ ವಾದದ ಮುಖ್ಯ ಭಾಗಕ್ಕೆ ನಾನು ತಲೆದೂಗಿದೆ. ನನ್ನ ಬಳಿಯೇ ಸಾಕ್ಷಿಯಿದೆ. 2003ರಲ್ಲಿ ಕಷ್ಟಪಟ್ಟು ಟೈಪ್ ಮಾಡುವುದನ್ನು ಕಲಿತು ತಯಾರಿಸಿದ ಪ್ರಶ್ನೆಪತ್ರಿಕೆಗಳನ್ನು ಈಗ ತೆರೆದರೆ ಇಂಗ್ಲಿಷ್ ಅಕ್ಷರ, ಅಲ್ಪವಿರಾಮ, ಆವರಣಗಳ ಕಿಚಡಿ ಕಾಣುತ್ತದೆ. ಯೂನಿಕೋಡಿಗೆ ಮೊದಲಿನ ಅಕ್ಷರಗಳು ಅವು. ಕನ್ನಡದ ವೇಷ ಹಾಕಿದ ಇಂಗ್ಲಿಷ್ ಸಂಕೇತಗಳು. ವೇಷ ಕಳಚಿದರೆ ಕನ್ನಡವೂ ಹೋಯಿತು. ನಮ್ಮ ತಾತ ಶಾಯಿಯಲ್ಲಿ ಬರೆದಿಟ್ಟ ಗದ್ದೆಯ ಲೆಕ್ಕವನ್ನು ಇವತ್ತೂ ಓದಬಹುದು.

ಹುಡುಗನಿಗೆ ನಾನು ಮೈಸೂರಿನ ಉದಾಹರಣೆ ಕೊಟ್ಟೆ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಮಾಡಿದ ಕೆಲಸಗಳಲ್ಲಿ ಆಟ ಕಟ್ಟುವುದೂ ಒಂದು. ಪಾಠ ಹೇಳುವಾಗ ನಾವು ಇದನ್ನು ಬಿಟ್ಟೇಬಿಡುತ್ತೇವೆ, ಪರೀಕ್ಷೆಗೆ ಬರುವುದಿಲ್ಲವೆಂದು. ಚದುರಂಗದ ಕುದುರೆ ಒಂದು ಮನೆಗೂ ಎರಡು ಸಲ ಕಾಲಿಡದೆ ಅರವತ್ತನಾಲ್ಕೂ ಮನೆ ಸುತ್ತಿ ಬರುವ ಬಂಧಗಳನ್ನು ಅವರು ರಚಿಸಿದರು. ಗಂಜೀಫಾದಲ್ಲಿ ಹೊಸ ಹೊಸ ಕಟ್ಟುಗಳನ್ನು ಕಲ್ಪಿಸಿದರು, ಅತಿ ದೊಡ್ಡದರಲ್ಲಿ 360 ಎಲೆ. ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಇವೆಲ್ಲ ಬರಹಕ್ಕೆ ಬಂದಿವೆ. ಬರೆದಿಟ್ಟರೂ ಏನಾಯಿತು? 360 ಎಲೆಯ ಆಟವನ್ನು ಕೂತು ಆಡುವವರು ಎಲ್ಲಿದ್ದಾರೆ? ಗಂಜೀಫಾ ರಘುಪತಿ ಭಟ್ಟರಂಥವರು ಎಲೆಗಳ ಮೇಲಿನ ಚಿತ್ರಕಲೆಯನ್ನು ಉಳಿಸಿಕೊಂಡರು, ಅದೇ ದೊಡ್ಡದು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನ ನಡೆಸಿ ಹಳೆಯ ಹಾಸು, ಕಾಯಿ, ಕವಡೆಗಳನ್ನು ಮತ್ತೆ ಜನರ ಕೈಗೆ ಕೊಟ್ಟರು. ಅತ್ತ ಚೌಕಾಬಾರದ ನಿಯಮವನ್ನು ಯಾವ ಅರಸನೂ ಬರೆಸಲಿಲ್ಲ. ಅಜ್ಜಿಯರು ಮೋಸ ಮಾಡುತ್ತ ಆಡಿದರು, ಮೊಮ್ಮಕ್ಕಳು ಜಗಳವಾಡುತ್ತ ಕಲಿತರು, ಅದು ಉಳಿಯಿತು. ವಿದ್ಯೆ ಕೈಯಿಂದ ಕೈಗೆ ದಾಟಬೇಕೆಂದು ಬ್ಲೋ ಹೇಳುವುದು ಸರಿಯೇ. ಆದರೆ ಆತನ ಕಣ್ಣಿಗೆ ಬೀಳುವುದು ಮೇಧಾವಿಗಳ ಕೈ ಮಾತ್ರ.

ಹುಡುಗ ಕೇಳಿಸಿಕೊಂಡು, 'ವೆಣ್ಬಾ' ಎಂಬ ಇನ್ನೊಂದು ಆಟ ಹಾಕಿಕೊಟ್ಟ. ಕೆನಡಾದ ತಮಿಳರು 2023ರಲ್ಲಿ ಮಾಡಿದ್ದು. ಪರದೇಶಕ್ಕೆ ಹೋದ ತಾಯಿಯೊಬ್ಬಳು ಅಮ್ಮ ಕೊಟ್ಟ, ಅಕ್ಷರ ಅಳಿಸಿಹೋದ ಅಡುಗೆ ಪುಸ್ತಕ ಹಿಡಿದು ಇಡ್ಲಿ ಬೇಯಿಸುತ್ತಾಳೆ. ತಟ್ಟೆಗಳನ್ನು ಹೇಗೆ ಜೋಡಿಸಿದರೆ ಹಬೆ ಎಲ್ಲ ಇಡ್ಲಿಗೂ ಹೋಗುತ್ತದೆ ಎಂಬುದೇ ಒಗಟು! ಎರಡು ಗಂಟೆಯೊಳಗೆ ಮುಗಿಯಿತು, ಕನ್ನಡಕ ಒರೆಸಿಕೊಂಡೆ. 2024ರಲ್ಲಿ ಸ್ವತಂತ್ರ ಆಟಗಳ ಉತ್ಸವದ ದೊಡ್ಡ ಬಹುಮಾನವೇ ಅದಕ್ಕೆ ಬಂತು. ನನಗೆ ಹೊಟ್ಟೆಕಿಚ್ಚಾಯಿತೆಂದು ಒಪ್ಪಿಕೊಳ್ಳುತ್ತೇನೆ. ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರ ಧ್ರುವ ಇಂಟರಾಕ್ಟಿವ್ 1997ರಷ್ಟು ಹಿಂದೆಯೇ ಆಟದ ಕೆಲಸ ಶುರುಮಾಡಿತ್ತು, 2019ರಲ್ಲಿ ರಾಕ್‌ಸ್ಟಾರ್ ಎಂಬ ದೊಡ್ಡ ಕಂಪನಿ ಅದನ್ನು ಕೊಂಡುಕೊಂಡಿತು. ಇಲ್ಲಿನ ಹುಡುಗ ಹುಡುಗಿಯರು ಪರದೇಶದ ರೇಸಿನ ಆಟಗಳಿಗೆ ಹೊಳೆಹೊಳೆಯುವ ಕಾರು ಬರೆದುಕೊಟ್ಟರು. ನಮ್ಮ ಇಡ್ಲಿ ಮಾತ್ರ ಟೊರಾಂಟೋದಲ್ಲಿ ಬೇಯಬೇಕಾಯಿತು.

ಬ್ಲೋನ ಒಂದು ಅಭಿಪ್ರಾಯವನ್ನು ಕೊನೆಗೆಂದು ಇಟ್ಟುಕೊಂಡಿದ್ದೇನೆ. 2009ರಲ್ಲಿ ಬಂದ ಫಾರ್ಮ್‌ವಿಲ್ ಎಂಬ ಬೇಸಾಯದ ಆಟ ಹಲವರಿಗೆ ನೆನಪಿರಬಹುದು. ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಬೆಳೆ ಬಾಡುತ್ತಿತ್ತು, ನಮ್ಮ ಸ್ಟಾಫ್ ರೂಮಿನ ಗೆಳತಿಯೊಬ್ಬರು ರಾತ್ರಿ ಎದ್ದು ಕೊಯ್ಯುತ್ತಿದ್ದರು. ಅಂಥ ಆಟಗಳು ಅನೀತಿಯವು, ಆಡುವವರಿಗೆ ಏನನ್ನೂ ಕೊಡದೆ ಅವರ ಬದುಕಿನ ಹೊತ್ತನ್ನು ಕದಿಯುವಂತೆಯೇ ಅವನ್ನು ಕಟ್ಟಲಾಗಿದೆ ಎಂದು ಆತ ಆಗಲೇ ಕಟುವಾಗಿ ಹೇಳಿದ್ದ. ಇದನ್ನು ಹುಡುಗ ಬಹಳ ಉತ್ಸಾಹದಿಂದ ವಿವರಿಸುತ್ತಿದ್ದಾಗ ನಾನು ನನ್ನ ತಮ್ಮನ ವಿಷಯ ಎತ್ತಿದೆ.

2020ರಲ್ಲಿ ಎಲ್ಲರೂ ಮನೆಯಲ್ಲಿ ಕೂತಿದ್ದಾಗ ತಮ್ಮ ಫೋನಿನಲ್ಲಿ ರಮ್ಮಿ ಆಡಲು ಶುರುಮಾಡಿದ. ಮೊದಲು ಐವತ್ತು, ನೂರು. ಮರುವರ್ಷ ಯುಗಾದಿಯ ಹೊತ್ತಿಗೆ ಒಂದು ಲಕ್ಷದ ಎಂಬತ್ತು ಸಾವಿರ ಹೋಗಿತ್ತು, ಅವನ ಹೆಂಡತಿಯ ಎರಡೆಳೆ ಸರ ಗಿರವಿಗೆ ಬಿದ್ದಿತ್ತು. ಬಿಟ್ಟೆ ಎಂದು ದೇವರ ಮುಂದೆ ಆಣೆ ಮಾಡುತ್ತಿದ್ದ. ಮೂರು ದಿನ ಬಿಡುತ್ತಿದ್ದ. ನಾಲ್ಕನೆಯ ದಿನ ಫೋನು 'ಟಿಂಗ್' ಎನ್ನುತ್ತಿತ್ತು. ನಿಮಗಾಗಿ ನೂರು ರೂಪಾಯಿ ಕಾದಿದೆ, ಬನ್ನಿ. ಅದೇ ವರ್ಷ, 2021ರಲ್ಲಿ, ಕರ್ನಾಟಕ ಇಂಥವನ್ನು ತಡೆಯಲು ಪೊಲೀಸ್ ಕಾಯಿದೆಯನ್ನು ತಿದ್ದಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ಮಾಡಿದ್ದು 2025ರ ಆಗಸ್ಟಿನಲ್ಲಿ. ಅಷ್ಟರಲ್ಲಿ ಸರ ಹರಾಜಾಗಿ ಹೋಗಿತ್ತು.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಕೆಳಗೆ ಸೊಪ್ಪಿನವಳು ಕೂಗಿಕೊಂಡು ಹೋದಳು. ಆಮೇಲೆ, "ಮಿಸ್, ಕೆಲಸ ಬಿಡೋ ಮುಂಚೆ ನಾನು ಆರು ವರ್ಷ ಅಂಥದ್ದೇ ಒಂದು ಕಂಪನೀಲಿದ್ದೆ. ಎಲೆ ಹಂಚೋ ಭಾಗ ನಂದಲ್ಲ. ಮೂರು ದಿನ ಆಡದೆ ಇದ್ದವರನ್ನ ವಾಪಸ್ ಕರೆಯೋದಿತ್ತಲ್ಲ, ಅದನ್ನ ಬರೆದೋನು ನಾನು" ಎಂದ.

ಯಾವ ಕಂಪನಿ ಎಂದು ನಾನು ಕೇಳಲಿಲ್ಲ. ತಮ್ಮ ಆಡುತ್ತಿದ್ದುದು ಯಾವುದೆಂದು ಅವನನ್ನೂ ಕೇಳಿಲ್ಲ. ಆ ಹೊತ್ತು ನನಗೆ ನೆನಪಾದದ್ದು ನೋಟ್‌ಬುಕ್ಕಿನ ಆ ಕೊನೆಯ ಹಾಳೆ. ಶಭಾಷ್ ಎಂದು ನಾನು ಅದರ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೆ.

ಬ್ಲೋನ ನೀತಿಯನ್ನು ಈ ಹುಡುಗ ಇಷ್ಟು ಗಟ್ಟಿಯಾಗಿ ತಬ್ಬಿಕೊಂಡಿದ್ದೇಕೆ ಎಂಬುದು ಆಗ ಅರ್ಥವಾಯಿತು. ಆ ಅಮೆರಿಕದವನ ಮೇಲೆ ನನಗಿರುವ ತಕರಾರೂ ಅಲ್ಲಿಯೇ ಸ್ಪಷ್ಟವಾಯಿತು. ಕೆಟ್ಟ ಆಟ ಯಾವುದೆಂದು ಆತ ಚೆನ್ನಾಗಿ ಬಲ್ಲ. ಆದರೆ ಅಂಥದನ್ನು ಬರೆಯುವ ಕೈಗಳು ಎಲ್ಲಿಂದ ಬರುತ್ತವೆ, ಅವು ಯಾರ ಮನೆಯ ಸಾಲ ತೀರಿಸಲು ಬರೆಯುತ್ತವೆ ಎಂಬುದು ನಾನು ಕೇಳಿದ ಆತನ ಮಾತಿನಲ್ಲೆಲ್ಲೂ ಬರಲಿಲ್ಲ. ಈ ಹುಡುಗನ ಅಪ್ಪನಿಗೆ ಆಗ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿತ್ತು. ಇದನ್ನು ಅವನ ಪರವಾದ ವಾದವೆಂದು ಹೇಳುತ್ತಿಲ್ಲ, ನನ್ನ ನಾದಿನಿಗೆ ಹೇಳುವ ಧೈರ್ಯವೂ ನನಗಿಲ್ಲ.

ಈಗ ಅವನು ಚೌಕಾಬಾರ ಕಟ್ಟುತ್ತಿದ್ದಾನೆ. ಒಂದೇ ಫೋನನ್ನು ಚಾಪೆಯ ಮೇಲಿಟ್ಟು ನಾಲ್ವರು ಸುತ್ತ ಕೂತು ಆಡಬೇಕು, ಒಬ್ಬರೇ ಆಡಲು ಬರುವುದಿಲ್ಲ. ಅದಕ್ಕೆ ಫೋನು ತಾನಾಗಿ ಯಾರನ್ನೂ ಕರೆಯುವುದಿಲ್ಲ. ಕಾಯಿ ಕಡಿದ ಮೇಲೇ ಒಳಮನೆಗೆ ಹೋಗಬೇಕೆಂಬ ನಿಯಮವಿದೆ. ಇಷ್ಟೆಲ್ಲ ನನಗೆ ಒಪ್ಪಿಗೆ. ಜಗಳ ಹತ್ತಿದ್ದು ಬೀಜದ ವಿಷಯಕ್ಕೆ. ಸೋಲುತ್ತಿರುವ ಚಿಕ್ಕ ಮಕ್ಕಳಿಗೆ ಗೊತ್ತಾಗದ ಹಾಗೆ ಒಂದೆರಡು ಚೌಕ ಹೆಚ್ಚು ಬೀಳುವಂತೆ ಮಾಡಿದ್ದ, ಅಳಬಾರದೆಂದು. ನನ್ನ ಅಜ್ಜಿಯೂ ಹಾಗೆ ಬೀಜ ತಿರುವಿ ಹಾಕುತ್ತಿದ್ದಳು, ನಿಜ. ಆದರೆ ಅಜ್ಜಿಯ ಕೈಯನ್ನು ಹಿಡಿದು, "ಮೋಸ!" ಎಂದು ಕೂಗಬಹುದಿತ್ತು. "ನಿನ್ನ ಯಂತ್ರದ ಕೈ ಹಿಡಿಯೋದು ಹೇಗೋ?" ಎಂದೆ. ಕರುಣೆಗಾಗಿ ಬರೆದ ಮೂರು ಸಾಲನ್ನು ನಾಳೆ ಇನ್ನಾರೋ ಇನ್ನೇತಕ್ಕೋ ತಿರುಗಿಸಿಕೊಳ್ಳುವುದು ಎಷ್ಟು ಸುಲಭವೆಂದು ಅವನಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ಆದರೂ ವಾರವಿಡೀ ವಾದಿಸಿದ.

ಹೋದ ಭಾನುವಾರ ಹೊಸದನ್ನು ತಂದುಕೊಟ್ಟ, ಆ ಸಾಲುಗಳನ್ನು ತೆಗೆದಿದ್ದೇನೆ ಎಂದ. ಅವನ ಮಾತನ್ನು ನಂಬಬಹುದಿತ್ತು. ನಂಬದೆ, ಊಟವಾದ ಮೇಲೆ ಪೆನ್ಸಿಲ್ ಹಿಡಿದು ಕೂತು, ಸೋಲುವ ಕಾಯಿಯ ಪರವಾಗಿ ನೂರ ಅರವತ್ತು ಸಲ ಬೀಜ ಹಾಕಿದೆ. ಅವನೂ ಎದುರಿಗೇ ಕೂತಿದ್ದ, ಪರೀಕ್ಷೆಯ ದಿನದ ಮುಖ ಹಾಕಿಕೊಂಡು. ಎರಡು ಬಿದ್ದದ್ದು ಅರವತ್ತಮೂರು ಸಲ, ಚೌಕ ಒಂಬತ್ತು, ಬಾರ ಹನ್ನೊಂದು.