ಕಾಫಿ ನಮ್ಮದು, ಬೆಂಚು ಯಾರದು?

ಕಳೆದ ವರ್ಷ ನಾವು ನಾಲ್ಕು ಜನ ಗೆಳೆಯರು ಸೇರಿ ಒಂದು ಎಕ್ಸೆಲ್ ಶೀಟ್ ಮಾಡಿದ್ವಿ. ಬೆಂಗಳೂರಲ್ಲಿ ಕೋಡ್ ಬರೆಯೋರೆಲ್ಲ ಜೀವನದಲ್ಲಿ ಒಂದು ಸಲವಾದ್ರೂ ಮಾಡೋ ಶೀಟ್ ಅದು: ಕೆಲಸ ಬಿಟ್ಟು ಊರಿಗೆ ಹೋಗಿ ಕೆಫೆ ತೆರೆಯೋದು. ನನ್ನೂರು ಕೊಡಗಿನ ಸಿದ್ದಾಪುರದ ಹತ್ತಿರ, ಸುತ್ತ ಎತ್ತ ನೋಡಿದ್ರೂ ಕಾಫಿ ತೋಟ. ಹಾಗಾಗಿ ಜಾಗ ಹುಡುಕೋ ಕೆಲಸ ನನ್ನ ಪಾಲಿಗೆ ಬಂತು. ಶೀಟಿನ ಮೊದಲ ಸಾಲಲ್ಲಿ 'ಕಮ್ಯುನಿಟಿ ಕೆಫೆ' ಅಂತ ಬರೆದಿದ್ವಿ. ಆ ಕಮ್ಯುನಿಟಿಯಲ್ಲಿ ಯಾರ್ಯಾರಿದ್ದಾರೆ ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ಈ ಆಸೆ ನನಗೆ ಹತ್ತಿದ್ದು ವಾಷಿಂಗ್ಟನ್ನಿಗೆ ಆನ್‌ಸೈಟ್ ಹೋಗಿದ್ದಾಗ. ಅಲ್ಲಿನ ಯೂನಿಯನ್ ಸ್ಟೇಷನ್ ಹತ್ತಿರ ಎಬನೀಜರ್ಸ್ ಅಂತ ಒಂದು ಕಾಫಿಹೌಸ್ ಇದೆ. 2006ರಲ್ಲಿ ಒಂದು ಚರ್ಚಿನವರು ತೆರೆದದ್ದು. ಮೇಲೆ ಕಾಫಿ ಮಾರ್ತಾರೆ, ಕೆಳಗಿನ ಹಾಲಲ್ಲಿ ಸಭೆ ನಡೆಸ್ತಾರೆ. ಲಾಭ ಸೇವಾ ಕೆಲಸಕ್ಕೆ ಹೋಗುತ್ತೆ. ಅದೇ ಊರಲ್ಲಿ ಇನ್ನೂ ಹಳೇದೊಂದಿದೆ, ಪಾಟರ್ಸ್ ಹೌಸ್. 1960ರಲ್ಲಿ ಒಂದು ಸಣ್ಣ ಚರ್ಚ್ ಶುರು ಮಾಡಿದ್ದು. ಚರ್ಚಿನ ಒಳಗೆ ಕಾಲಿಡದವರೂ ಒಂದು ಕಪ್ ಕಾಫಿಗೆ ಬರ್ತಾರಲ್ವಾ ಅನ್ನೋದು ಅದರ ಹಿಂದಿನ ಯೋಚನೆ. ಅಲ್ಲಿ ಪುಸ್ತಕದಂಗಡಿಯೂ ಇದೆ. ಬೇರೆಯವರ ಊಟಕ್ಕೆ ಮೊದಲೇ ದುಡ್ಡು ಕಟ್ಟಿ ಹೋಗೋರೂ ಇದ್ದಾರೆ. ಚಳಿಗೆ ಒಳಗೆ ಹೋದ ನಾನು ಎರಡು ಗಂಟೆ ಕೂತೆ. ಯಾರೂ ಬಿಲ್ ತಂದು ಮುಂದಿಡಲಿಲ್ಲ. ಮತಪ್ರಚಾರದ ಕರಪತ್ರ ಬರುತ್ತೆ ಅಂತ ಕಾದೆ, ಅದೂ ಬರಲಿಲ್ಲ. ಇದನ್ನ ನಮ್ಮೂರಲ್ಲಿ ಮಾಡ್ಬೇಕು ಅಂತ ಅವತ್ತೇ ಗೆಳೆಯರಿಗೆ ಮೆಸೇಜ್ ಹಾಕಿದೆ.

ಊರಿಗೆ ಬಂದ ಮೇಲೆ ಗೊತ್ತಾಯ್ತು, ಕೊಡಗಿಗೆ ಚರ್ಚು, ಕಾಫಿ ಎರಡೂ ಹೊಸದಲ್ಲ, ಒಂದಕ್ಕೊಂದು ದೂರವೂ ಅಲ್ಲ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರದ್ದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ರಾಜ ದೊಡ್ಡ ವೀರರಾಜೇಂದ್ರ ಅಲ್ಲಿ ನೆಲೆ ಕೊಟ್ಟ. 1854ರಲ್ಲಿ ಫೌಲರ್ ಅನ್ನೋ ಇಂಗ್ಲಿಷಿನವನು ಮಡಿಕೇರಿ ಕಡೆ ಮೊದಲ ಯುರೋಪಿಯನ್ ಕಾಫಿ ತೋಟ ಹಾಕಿದ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಕೊಡಗಿಗೆ ಬಂದ. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದನಲ್ಲ, ಅದೇ ಮೋಗ್ಲಿಂಗ್. ಅಮ್ಮತ್ತಿ ಕಡೆ ಆನಂದಪುರ ಅನ್ನೋ ಊರು ಕಟ್ಟಿದವನೂ ಅವನೇ. ತಲೆತಲಾಂತರದಿಂದ ಜೀತ ಮಾಡ್ತಾ, ಮುಟ್ಟಬಾರದವರು ಅನ್ನಿಸಿಕೊಂಡಿದ್ದ ಕುಟುಂಬಗಳು ಮತಾಂತರವಾಗಿ ಅಲ್ಲಿ ನೆಲೆ ನಿಂತವು. ಮತಾಂತರದ ಬಗ್ಗೆ ನಿಮಗೆ ನಿಮ್ಮದೇ ಅಭಿಪ್ರಾಯ ಇರಬಹುದು, ನನಗೂ ಇದೆ. ಆದರೆ ಅಂಗಳದಾಚೆ ನಿಲ್ಲಬೇಕಿದ್ದ ಮನುಷ್ಯನಿಗೆ ಚಾವಣಿ ಕೆಳಗೆ ಕೂರಲು ಜಾಗ ಸಿಗೋದು ಅಂದ್ರೇನು ಅಂತ, ನಿಂತು ಗೊತ್ತಿರೋರಿಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮಮ್ಮನಿಗೆ ಗೊತ್ತು. ನಾನು ಬೆಳೆದದ್ದು ತೋಟದ ಲೈನ್ ಮನೆಯಲ್ಲಿ. ಅಮ್ಮ ಮೂವತ್ತು ವರ್ಷ ಕಾಫಿ ಹಣ್ಣು ಕುಯ್ದು ಕೆ.ಜಿ. ಲೆಕ್ಕದಲ್ಲಿ ತೂಕ ಹಾಕಿದವಳು. ಹೋದ ಜನವರಿ, ರೋಬಸ್ಟಾ ಕುಯ್ಲಿನ ಹೊತ್ತಲ್ಲಿ ಅಮ್ಮನನ್ನ ಕರ್ಕೊಂಡು ಎರಡು ಕಡೆ ಹೋದೆ. ಎರಡೂ ಕಡೆಯ ಹೆಸರು ಬೇಡ.

ಮೊದಲನೇದು ಹೆದ್ದಾರಿ ಬದಿಯ ಕೆಫೆ. ಗಾಜಿನ ಗೋಡೆ, ಹೊರಗೆ ಕಾಫಿ ಗಿಡ, ಗೋಡೆ ಮೇಲೆ ಬುಟ್ಟಿ ಹಿಡಿದು ನಗ್ತಾ ಇರೋ ಕೂಲಿ ಹೆಂಗಸಿನ ದೊಡ್ಡ ಫೋಟೋ. ಕಪ್ಪಿಗೆ ಇನ್ನೂರ ಇಪ್ಪತ್ತು ರೂಪಾಯಿ. ಅಮ್ಮ ಫೋಟೋ ನೋಡಿದಳು, ಮೆನು ನೋಡಿದಳು, ಕುರ್ಚಿಯ ತುದಿಯಲ್ಲಿ ಕೂತಳು. 'ಬೇಗ ಕುಡಿ, ಹೋಗುವ' ಅಂದಳು. ಯಾರೂ ಏನೂ ಅಂದಿರಲಿಲ್ಲ. ಅನ್ನೋದೇ ಬೇಕಿರಲಿಲ್ಲ.

ಎರಡನೇದು ದಕ್ಷಿಣ ಕೊಡಗಿನ ಒಂದು ಸಣ್ಣ ಚರ್ಚು. ಭಾನುವಾರ ಪೂಜೆ ಮುಗಿದ ಮೇಲೆ ಪಕ್ಕದ ಹಾಲಲ್ಲಿ ಕಾಫಿ ಕೊಡ್ತಾರೆ ಅಂತ ಶಾಲೆಯ ಗೆಳೆಯನೊಬ್ಬ ಹೇಳಿದ್ದ. ಕೆಫೆ ನಡೆಸೋದು ಕಲಿಯೋಕೆ ಅಂತ ನೋಟ್ ಪುಸ್ತಕ ಹಿಡ್ಕೊಂಡೇ ಹೋದೆ. ಕಲಿತದ್ದು ಮೂರೇ ವಿಷಯ. ಒಂದು, ಹೊತ್ತು. ಮಳೆಗಾಲವಿರಲಿ, ಕುಯ್ಲಿರಲಿ, ಅದೇ ದಿನ, ಅದೇ ಗಂಟೆ. ಎರಡು, ಸರದಿ. ಈ ವಾರ ಕಾಫಿ ಕಾಸೋ ಮನೆ ಯಾವುದು, ಮುಂದಿನ ವಾರ ಲೋಟ ತೊಳೆಯೋ ಮನೆ ಯಾವುದು ಅಂತ ಗೋಡೆ ಮೇಲೆ ಚೀಟಿ. ಮೂರು, ಖರ್ಚು. ಪುಡಿ ಒಬ್ಬರದು, ಬೆಲ್ಲ ಇನ್ನೊಬ್ಬರದು, ಬಾಡಿಗೆ ಇಲ್ಲವೇ ಇಲ್ಲ. ನಮ್ಮ ಶೀಟಲ್ಲಿ ಬಾಡಿಗೆ, ಇಂಟೀರಿಯರ್, ಇನ್‌ಸ್ಟಾಗ್ರಾಮ್ ಮಾರ್ಕೆಟಿಂಗ್‌ಗೆ ಒಂದೊಂದು ಕಾಲಂ ಇತ್ತು. ಲೋಟ ತೊಳೆಯೋರಿಗೆ ಇರಲಿಲ್ಲ.

ಅಮ್ಮ ಅಲ್ಲಿ ಆರಾಮಾಗಿ ಕೂತಳು. ಸ್ಟೀಲ್ ಲೋಟದ ಬೆಲ್ಲದ ಕಾಫಿ ಅವಳಿಗೆ ಗೊತ್ತಿರೋ ಕಾಫಿ. ಪಕ್ಕದಲ್ಲಿದ್ದ ಅಜ್ಜಿ ತುಂಬಾ ಪ್ರೀತಿಯಿಂದ ಕೇಳಿದರು, 'ನೀವು ಯಾವ ವಾರ್ಡಿನವರು?'

ಅವರು ಕೇಳಿದ್ದು ಚರ್ಚಿನ ವಾರ್ಡು. ಕುಟುಂಬಗಳನ್ನ ಗುಂಪು ಮಾಡಿ ಇಟ್ಟಿರ್ತಾರಲ್ಲ, ಅದು. ಅಮ್ಮನ ಕಿವಿಗೆ ಬಿದ್ದದ್ದು ಬೇರೆ. 'ನಾವು ಇಲ್ಲಿಯವರಲ್ಲ' ಅಂದು ಲೋಟ ಕೆಳಗಿಟ್ಟಳು. ಅಜ್ಜಿ ಮತ್ತೊಂದು ಲೋಟ ತಂದುಕೊಟ್ಟರು, ಮುಂದಿನ ವಾರವೂ ಬನ್ನಿ ಅಂದರು. ಅವರದ್ದೇನೂ ತಪ್ಪಿಲ್ಲ. ಆದರೆ ಬರುವ ದಾರಿಯಲ್ಲಿ ಬಸ್ಸಲ್ಲಿ ಅಮ್ಮ ಕೇಳಿದ್ದು ಒಂದೇ: 'ಅದು ಅವರ ಜಾಗ ಅಲ್ವಾ?'

ನನ್ನ ತಕರಾರು ಇರೋದೂ ಇಲ್ಲೇ. ಕೆಫೆಯ ಹೊಸ್ತಿಲು ದುಡ್ಡಿನದು, ಮೆನುವಲ್ಲೇ ಕಾಣುತ್ತೆ. ಚರ್ಚಿನ ಕಾಫಿಗೆ ದುಡ್ಡಿಲ್ಲ, ಆದರೆ ಅಲ್ಲೂ ಹೊಸ್ತಿಲಿದೆ, 'ನಮ್ಮವರು' ಅನ್ನೋದು. ಪಾಟರ್ಸ್ ಹೌಸಲ್ಲಿ ನಾನು ಎರಡು ಗಂಟೆ ಕೂತೆನಲ್ಲ, ಅಲ್ಲಿ ನನಗೆ ಯಾವ ವಾರ್ಡೂ ಇರಲಿಲ್ಲ, ನಾನು ವಿದೇಶದವನು. ಸಿದ್ದಾಪುರದಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಇಲ್ಲಿ ಹಾಗೆ ಹೆಸರಿಲ್ಲದೆ ಕೂರೋಕೆ ಆಗಲ್ಲ. ಅಲ್ಲಿನ ಮಾದರಿಯನ್ನ ಕಾಪಿ ಪೇಸ್ಟ್ ಮಾಡೋಕೆ ಹೊರಟಾಗ ಇದು ನನಗೆ ಹೊಳೆದೇ ಇರಲಿಲ್ಲ. ಚರ್ಚನ್ನು ಮಾತ್ರ ಬೈಯೋದೂ ಅನ್ಯಾಯ. ಐನ್‌ಮನೆಯ ಕೈಯಾಲೆ ಎಷ್ಟು ಚಂದ, ಹಬ್ಬದ ದಿನ ಮಂದ್ ಎಷ್ಟು ಚಂದ! ಅಲ್ಲೂ ಯಾರು ಕೂರಬಹುದು, ಯಾರು ನಿಲ್ಲಬೇಕು ಅನ್ನೋದು ಬೋರ್ಡು ಹಾಕದೇ ಎಲ್ಲರಿಗೂ ಗೊತ್ತಿತ್ತು.

ಹಾಗಾದ್ರೆ ದಾರಿ ಇಲ್ವಾ? ಬೆಂಗಳೂರಿನ ಚರ್ಚ್ ಸ್ಟ್ರೀಟಿಗೆ ಹೋಗಿ. ಅಲ್ಲಿರೋ ಇಂಡಿಯಾ ಕಾಫಿ ಹೌಸ್ ಚರ್ಚಿನದ್ದಲ್ಲ, 2009ರಲ್ಲಿ ಎಂ.ಜಿ. ರೋಡಿನಿಂದ ಅಲ್ಲಿಗೆ ಬಂದದ್ದು. ಐವತ್ತರ ದಶಕದಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸ್‌ಗಳನ್ನ ಮುಚ್ಚಿದಾಗ, ಕೆಲಸ ಕಳ್ಕೊಂಡವರು ಎ.ಕೆ. ಗೋಪಾಲನ್ ಬೆಂಬಲದಲ್ಲಿ ಸಹಕಾರ ಸಂಘ ಕಟ್ಟಿದರು. ಬೆಂಗಳೂರಿನ ಸಂಘ 1957ರದ್ದು. ಬಡಿಸೋರೇ ಮಾಲೀಕರು. ರುಚಿ ಬಗ್ಗೆ ಜಗಳ ಆಡಬಹುದು, ಆಮ್ಲೆಟ್ ಬರೋದು ತಡ. ಆದರೆ ಒಂದು ಕಾಫಿ ಹೇಳಿ ಒಂದು ಗಂಟೆ ಕೂತ್ರೂ ನೀವು ಯಾವ ವಾರ್ಡು ಅಂತ ಯಾರೂ ಕೇಳಲ್ಲ.

ಚರ್ಚಿನ ಹೊತ್ತು, ಸರದಿ, ಖರ್ಚಿನ ಹಂಚಿಕೆ, ಇವಕ್ಕೆ ಈ ಒಡೆತನವನ್ನ ಸೇರಿಸಿದ್ರೆ ನಮ್ಮೂರಿಗೆ ಏನಾದ್ರೂ ಆಗಬಹುದು. ಗೆಳೆಯರಿಗೆ ಹೇಳಿದೆ. 'ರಿಟರ್ನ್ಸ್ ಎಷ್ಟು ಮಗಾ?' ಅಂದ ಒಬ್ಬ. ನಿಜವಾದ ಪ್ರಶ್ನೆಯೇ. ನನ್ನ ಹತ್ರ ಉತ್ತರ ಇಲ್ಲ. ಶೀಟಿನ ಮೊದಲ ಸಾಲನ್ನ ಮಾತ್ರ ಬದಲಾಯಿಸಿದೀನಿ, 'ಅಮ್ಮ ಒಬ್ಬಳೇ ಬಂದು ಕೂರಬೇಕು' ಅಂತ.

ಮೊನ್ನೆ ಭಾನುವಾರ ಸಿದ್ದಾಪುರದ ಸಂತೆಗೆ ಹೋಗಿದ್ದೆ. ವಾರಪೂರ್ತಿ ತೋಟದಲ್ಲಿದ್ದ ಜನ ರಜೆ ಅಂತ ಅವತ್ತು ಪೇಟೆಗೆ ಬರ್ತಾರೆ. ಅಮ್ಮ, ಅವಳ ಜೊತೆ ಕುಯ್ಲು ಮಾಡಿದ ನಾಲ್ಕು ಹೆಂಗಸರು, ಬಾಗಿಲು ಹಾಕಿದ್ದ ಒಂದು ಅಂಗಡಿಯ ಮೆಟ್ಟಿಲ ಮೇಲೆ ಚೀಲ ಇಟ್ಕೊಂಡು ಕೂತಿದ್ರು. ಕೈಯಲ್ಲಿ ಪೇಪರ್ ಕಪ್ಪಲ್ಲಿ ಚಹಾ. ನಾನೂ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಅಂಗಡಿಯವನು ಬಂದ, ಶಟರ್ ಎತ್ತಬೇಕಿತ್ತು. ನಾವೆಲ್ಲ ಎದ್ದು ನಿಂತ್ವಿ.